ರಘು ದೀಕ್ಷಿತ್ ಪ್ರಾಜೆಕ್ಟ್

ಬೆಂಗಳೂರಿನ ಜನಪದ-ರಾಕ್ ವಾದ್ಯವೃಂದ. ಮೈಸೂರಿನಲ್ಲಿ ಬೆಳೆದು ಸೂಕ್ಷ್ಮಜೀವಿಶಾಸ್ತ್ರ ಓದಿದ ಗಾಯಕ ರಘು ದೀಕ್ಷಿತ್ (ಜನನ 1974), ಹಿಂದಿನ ತಂಡ ‘ಅಂತರಾಗ್ನಿ’ ಚದುರಿದ ಮೇಲೆ ಇದನ್ನು ಕಟ್ಟಿದರು. ಮೊದಲ ಆಲ್ಬಮ್ 2008ರಲ್ಲಿ, ‘ಜಗ್ ಚಂಗಾ’ 2013ರಲ್ಲಿ ಬಂದವು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ ತಂಡದ ಗುರುತಾದವು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲೂ ಹಾಡಿತು.

ತಂಡದ ನಿಜವಾದ ಬಂಡವಾಳ ಶಿಶುನಾಳ ಷರೀಫರ (1819–1889) ತತ್ವಪದ. ‘ಗುಡುಗುಡಿಯ ಸೇದಿ ನೋಡೋ’, ‘ಲೋಕದ ಕಾಳಜಿ’ ಇವು ಗಿಟಾರ್, ಬೇಸ್, ಡ್ರಮ್‌ಗಳ ಜೊತೆ ಕಾಲೇಜು ಹುಡುಗರ ಬಾಯಿಗೆ ಬಂದವು. ಷರೀಫರನ್ನು ಪೇಟೆಗೆ ಮೊದಲು ತಂದವರು ಇವರೇ ಎನ್ನುವುದು ಮಾತ್ರ ತಪ್ಪು: ಸಿ. ಅಶ್ವಥ್ ಅವರ ದನಿ, 1990ರ ‘ಸಂತ ಶಿಶುನಾಳ ಷರೀಫ’ ಚಿತ್ರ ಆ ದಾರಿಯನ್ನು ಆಗಲೇ ಸವೆಸಿದ್ದವು. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯ ಭಜನಾ ಮೇಳಗಳಿಗಂತೂ ಪರಿಚಯವೇ ಬೇಕಿರಲಿಲ್ಲ. ಅಲ್ಲಿ ತತ್ವಪದ ಏಕತಾರಿ, ದಮ್ಮಡಿ, ಹಾರ್ಮೋನಿಯಂ, ತಾಳದ ಮೇಲೆ ರಾತ್ರಿಯಿಡೀ ಸಾಗುತ್ತದೆ. ಅವಸರವಿಲ್ಲದ ಆ ಲಯ ರಾಕ್‌ನ ಬಿಗಿಯಲ್ಲಿ ಸ್ವಲ್ಪ ಕಳೆದುಹೋಗುತ್ತದೆ.

 

ಇದೇ ಜಾಡಿನ ಇನ್ನೊಂದು ಬೆಂಗಳೂರು ತಂಡ ‘ಸ್ವರಾತ್ಮ’. ಅದರ ಮೊದಲ ಆಲ್ಬಮ್ 2009ರದು.