ನಾಲ್ಕು ಕೈಗಳ ಕೃತಿ, ಮಹಾಮೇಳದ ನಾದ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಆರಂಭವಾಯಿತು. ಕರಗಿದ ಲೋಹವು ಅಚ್ಚಿಗೆ ಬಿದ್ದೊಡನೆ ಹಳೆಯ ರೂಪವನ್ನು ಮರೆಯುವುದೆಂಬುದನ್ನು ಶಿವಮೊಗ್ಗೆಯ ವಾಚಕರು ಬಲ್ಲರು. ಸಂಗೀತಕೃತಿಯೂ ಹಾಗೆ ಮರೆಯಬಹುದೆ?

ಷೂಬರ್ಟನು 1824ರಲ್ಲಿ, ಒಂದೇ ಪಿಯಾನೋದ ಮುಂದೆ ಇಬ್ಬರು ಕುಳಿತು ನುಡಿಸತಕ್ಕ ಸೊನಾಟಾ ಒಂದನ್ನು ರಚಿಸಿದನು. ಅವನು ಗತಿಸಿ ಹತ್ತು ವರ್ಷಗಳಾದ ಮೇಲೆ, 1838ರಲ್ಲಿ, ಅದು ‘ಗ್ರ್ಯಾಂಡ್ ಡ್ಯುಓ’ ಎಂಬ ಹೆಸರಿನಿಂದ ಅಚ್ಚಾಯಿತು. ಅದರಲ್ಲಿ ವಾದ್ಯಮೇಳದ ಧ್ವನಿಯನ್ನೇ ಕೇಳಿದ ಷೂಮನ್ನನು, ಇದು ಮೂಲತಃ ಸಿಂಫೊನಿಯಾಗಿರಬೇಕೆಂದು ಊಹಿಸಿದನು. 1855ರಲ್ಲಿ ಪಿಟೀಲು ವಿದ್ವಾಂಸನಾದ ಯೋವಾಖಿಮನು ಅದನ್ನು ಪೂರ್ಣಮೇಳಕ್ಕೆ ಅಳವಡಿಸಿದನು.

ಈ ಕಾರ್ಯವು ಬರಿಯ ನಕಲಲ್ಲ. ಪಿಯಾನೋದ ಸ್ವರವು ಹುಟ್ಟಿದೊಡನೆ ಕ್ಷೀಣಿಸತೊಡಗುವುದು. ಪಿಟೀಲಿನ ಸ್ವರವು ಕಮಾನು ಎಳೆಯುವವರೆಗೂ ನಿಲ್ಲುವುದು. ಆದುದರಿಂದ ಯಾವ ಸ್ವರವು ಯಾವ ವಾದ್ಯಕ್ಕೆ, ಎಷ್ಟು ಹೊತ್ತು, ಎಷ್ಟು ಬಲದಿಂದ ಎಂಬುದನ್ನೆಲ್ಲ ಹೊಸದಾಗಿ ನಿರ್ಣಯಿಸಬೇಕು. ಆ ನಿರ್ಣಯಗಳು ಯೋವಾಖಿಮನವು, ಷೂಬರ್ಟನವಲ್ಲ. ದ್ವೊರ್ಝಾಕನಾದರೋ 1878ರಲ್ಲಿ ನಾಲ್ಕು ಕೈಗಳಿಗೆಂದು ಬರೆದ ಸ್ಲಾವ್ ನೃತ್ಯಗಳನ್ನು ತಾನೇ ಮೇಳಕ್ಕೆ ಇಳಿಸಿದನು, ಅಲ್ಲಿ ಸಂದೇಹಕ್ಕೆಡೆಯಿಲ್ಲ.

ಕರ್ತೃವಿನ ಕೈಯ ಬೆಲೆಯನ್ನು ನಮ್ಮ ಮೈಸೂರೂ ಅರಿತಿತ್ತು. ಪಿಯಾನೋ ಬಲ್ಲವರಾಗಿದ್ದ ಜಯಚಾಮರಾಜ ಒಡೆಯರು 1940ರ ದಶಕದ ಕೊನೆಯಲ್ಲಿ ರಷ್ಯದ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ದ್ರವ್ಯಸಹಾಯ ಮಾಡಿದರು; ಪಿಯಾನೋ ನುಡಿಸಿದವನು ಸ್ವತಃ ಮೆಟ್ನರನೇ.

ಅಳವಡಿಕೆ ಕೂಡದೆಂದಲ್ಲ. ಅದರಿಂದ ಇಬ್ಬರ ಮನೆಯ ಸಂಗೀತವು ಸಹಸ್ರ ಮಂದಿಗೆ ಕೇಳಿಸಿತು. ಆದರೆ ಕೃತಿಯ ಮೇಲೆ ಎರಡು ಹೆಸರುಗಳೂ ಇರಲಿ. ಒಬ್ಬನ ಊಹೆಯನ್ನು ಮತ್ತೊಬ್ಬನ ಮಾತೆಂದು ಹೇಳುವುದು ಇತಿಹಾಸಕ್ಕೆ ಸಲ್ಲದು.