ಬೆರಳ ತುದಿಯ ಶತರಂಜ್: ಅಂಧ ಆಟಗಾರರು ತಂಡ ಕಟ್ಟಿದ ಇತಿಹಾಸ

ಚದುರಂಗ ನಮ್ಮ ನೆಲದಲ್ಲಿ ಹುಟ್ಟಿದ ಆಟ. ಇರಾನಿಗೆ ಹೋಗಿ ‘ಚತ್ರಂಗ್’ ಆಯಿತು, ಅರಬರ ಬಾಯಲ್ಲಿ ‘ಶತರಂಜ್’ ಆಯಿತು. ಅದೇ ಹೆಸರು ಉರ್ದುವಿನ ಮೂಲಕ ನಮ್ಮ ಮನೆಗಳಿಗೆ ಮರಳಿ ಬಂದಿದೆ. ಈ ಆಟದ ಕುರಿತು ನಮ್ಮ ಧರ್ಮಶಾಸ್ತ್ರಜ್ಞರಲ್ಲಿ ಭಿನ್ನಾಭಿಪ್ರಾಯಗಳಿವೆ. ಜೂಜು ಸೇರಬಾರದು, ನಮಾಝ್ ತಪ್ಪಬಾರದು ಎಂಬ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ. ಹಲಗೆಯ ಕಡೆ ನೋಡದೆಯೇ ಆಡುವ ಕಲೆಯೂ ಹಳೆಯದು. ಕೂಫಾದ ವಿದ್ವಾಂಸ ಸಯೀದ್ ಬಿನ್ ಜುಬೈರ್(ರ) ಹೀಗೆ ಆಡಬಲ್ಲವರಾಗಿದ್ದರೆಂದು ಅರಬಿ ಗ್ರಂಥಗಳು ಹೇಳುತ್ತವೆ. ಆದರೆ ಅವರು ಕಣ್ಣಿದ್ದವರು. ಕಣ್ಣಿಲ್ಲದವರು ತಮ್ಮದೇ ತಂಡ ಕಟ್ಟಿ ಆಡಿದ ಕಥೆ ಇಪ್ಪತ್ತನೆಯ ಶತಮಾನದ್ದು. ಅದನ್ನು ಆರಂಭಿಸಿದವರು ಒಬ್ಬ ಶಾಲಾ ಶಿಕ್ಷಕರು.

ಇಂಗ್ಲೆಂಡಿನ ರೆಜಿನಾಲ್ಡ್ ಬಾನ್‌ಹಮ್ (1906-1984) ಅವರಿಗೆ ಬಾಲ್ಯದಿಂದಲೂ ದೃಷ್ಟಿ ಮಂದವಾಗಿತ್ತು. ವೂಸ್ಟರ್‌ನ ಅಂಧರ ಕಾಲೇಜಿನಲ್ಲಿ ಚದುರಂಗ ಕಲಿತು, ಆಕ್ಸ್‌ಫರ್ಡ್‌ನಲ್ಲಿ ಓದಿ, ಮತ್ತೆ ಅದೇ ಕಾಲೇಜಿಗೆ ಗಣಿತ ಶಿಕ್ಷಕರಾಗಿ ಬಂದರು. ತಾವು ಗೆದ್ದರೆ ಸಾಕೆಂದು ಅವರು ಸುಮ್ಮನಿರಲಿಲ್ಲ. 1934ರಲ್ಲಿ ಬ್ರೈಲ್ ಲಿಪಿಯ ಚದುರಂಗ ಪತ್ರಿಕೆ ಆರಂಭಿಸಿದರು. 1951ರಲ್ಲಿ ಅಂಚೆಯ ಮೂಲಕ ಆಡುವ ಅಂತಾರಾಷ್ಟ್ರೀಯ ಬ್ರೈಲ್ ಚದುರಂಗ ಸಂಘಕ್ಕೆ ಅಡಿಪಾಯ ಹಾಕಿದರು. ಒಂದು ನಡೆಗೆ ಒಂದು ಪತ್ರ. ಒಂದು ಆಟ ಮುಗಿಯಲು ತಿಂಗಳುಗಳೇ ಬೇಕು. ಆದರೂ ಬೇರೆ ಬೇರೆ ದೇಶಗಳಲ್ಲಿ ಒಂಟಿಯಾಗಿದ್ದ ಆಟಗಾರರಿಗೆ ಆ ಪತ್ರಗಳೇ ಗೆಳೆತನದ ಸೇತುವೆಯಾದವು.

1958ರಲ್ಲಿ ಜರ್ಮನಿಯ ರೈನ್‌ಬ್ರೈಟ್‌ಬಾಕ್‌ನಲ್ಲಿ ಅವರು ಮುಖಾಮುಖಿ ಕುಳಿತು ಆಡಿದರು. 1961ರಲ್ಲಿ ಜರ್ಮನಿಯದೇ ಮೆಷೆಡೆಯಲ್ಲಿ ಅಂಧರ ಮೊದಲ ಚದುರಂಗ ಒಲಿಂಪಿಯಾಡ್ ನಡೆದು, ಯುಗೊಸ್ಲಾವಿಯ ಗೆದ್ದಿತು. ಒಲಿಂಪಿಯಾಡ್ ತಂಡಗಳ ಸ್ಪರ್ಧೆ: ನಾಲ್ಕು ಹಲಗೆ, ನಾಲ್ಕು ಜನ. ಆಟ ನಡೆಯುವಾಗ ಯಾರೂ ಯಾರಿಗೂ ಸಲಹೆ ಕೊಡುವಂತಿಲ್ಲ. ಆದ್ದರಿಂದ ಸಹಕಾರವೆಲ್ಲ ಆಟಕ್ಕೆ ಮುಂಚೆ ಮತ್ತು ಆಟ ಮುಗಿದ ಮೇಲೆ. ಒಬ್ಬ ಸೋತರೂ ಉಳಿದ ಮೂವರು ತಂಡವನ್ನು ಉಳಿಸಬಹುದು. ಹಾಗಾಗಿ ಬಲ್ಲವನು ತನ್ನ ವಿದ್ಯೆಯನ್ನು ಬಚ್ಚಿಟ್ಟುಕೊಂಡರೆ ನಷ್ಟ ಅವನಿಗೂ ಹೌದು.

ಇವರ ಹಲಗೆ ಹೇಗಿರುತ್ತದೆ? ಕಪ್ಪು ಮನೆಗಳು ತುಸು ಎತ್ತರ. ಪ್ರತಿ ಮನೆಗೂ ಒಂದು ರಂಧ್ರ, ಪ್ರತಿ ಕಾಯಿಗೂ ಒಂದು ಮೊಳೆ. ಒಂದು ಬಣ್ಣದ ಕಾಯಿಗಳ ತಲೆಯ ಮೇಲೆ ಗುರುತು ಇರುತ್ತದೆ. ಮುಟ್ಟಿ ನೋಡುವುದು ಅಪರಾಧವಲ್ಲ. ರಂಧ್ರದಿಂದ ಎತ್ತಿದರೆ ಮಾತ್ರ ಆ ಕಾಯಿಯನ್ನು ನಡೆಸಬೇಕು. ಆಟಗಾರರಿಬ್ಬರಿಗೂ ಒಂದೊಂದು ಹಲಗೆ. ಒಬ್ಬ ತನ್ನ ನಡೆಯನ್ನು ಗಟ್ಟಿಯಾಗಿ ಹೇಳುತ್ತಾನೆ, ಎದುರಾಳಿ ಅದನ್ನು ಮತ್ತೆ ಹೇಳಿ ತನ್ನ ಹಲಗೆಯಲ್ಲಿ ಇಡುತ್ತಾನೆ. ಕೇಳಿಸಿಕೊಳ್ಳುವುದರಲ್ಲಿ ತಪ್ಪಾಗದಂತೆ ಸಾಲುಗಳಿಗೆ ಅನ್ನಾ, ಬೆಲ್ಲಾ, ಸೀಸರ್, ಡೇವಿಡ್ ಎಂಬಂತೆ ಹೆಸರುಗಳಿವೆ.

ಭಾರತದಲ್ಲಿ ಈ ಕೆಲಸಕ್ಕೆ ಹೆಗಲು ಕೊಟ್ಟವರಲ್ಲಿ ಸ್ವತಃ ದೃಷ್ಟಿಹೀನರಾದ ಚಾರುದತ್ತ ಜಾಧವ್ ಮುಖ್ಯರು. ಅಂಧರ ಚದುರಂಗ ಒಕ್ಕೂಟ ಕಟ್ಟಿ, ಎಳೆಯರನ್ನು ಹುಡುಕಿ, ವಿದೇಶದ ಪಂದ್ಯಗಳಿಗೂ ಜೊತೆಯಲ್ಲಿ ಹೋದರು. 2012ರ ಸಾಕ್ಷ್ಯಚಿತ್ರ ‘ಅಲ್ಗಾರಿದಮ್ಸ್’ ಈ ಗುರು-ಶಿಷ್ಯರ ಪಯಣವನ್ನೇ ತೋರಿಸುತ್ತದೆ. ಅದೇ ವರ್ಷ ಒಲಿಂಪಿಯಾಡ್ ಚೆನ್ನೈಗೆ ಬಂತು. ಆ ಚಿತ್ರದ ಬಾಲಕರಲ್ಲೊಬ್ಬನಾದ ದರ್ಪಣ್ ಇನಾನಿ 2023ರಲ್ಲಿ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ವೈಯಕ್ತಿಕ ಚಿನ್ನವನ್ನೂ, ಸೌಂದರ್ಯ ಕುಮಾರ್ ಪ್ರಧಾನ್ ಮತ್ತು ಅಶ್ವಿನ್ ಮಕ್ವಾನಾ ಜೊತೆ ತಂಡದ ಚಿನ್ನವನ್ನೂ ಗೆದ್ದರು. ನಮ್ಮ ಶಿವಮೊಗ್ಗದ ಕಿಶನ್ ಗಂಗೊಳ್ಳಿ 2016ರಲ್ಲಿ ಮಣಿಪಾಲದಲ್ಲಿ ನಡೆದ ಏಷ್ಯನ್ ಸ್ಪರ್ಧೆಯ ವಿಜೇತರು.

ಪ್ರವಾದಿವರ್ಯರು(ಸ) ಅಂಧ ಸಹಾಬಿ ಅಬ್ದುಲ್ಲಾ ಬಿನ್ ಉಮ್ಮು ಮಕ್ತೂಮ್(ರ) ಅವರಿಗೆ ಅಝಾನ್ ಕೊಡುವ ಹೊಣೆ ವಹಿಸಿದರು. ಮದೀನಾದಿಂದ ಹೊರಗೆ ಹೋಗುವಾಗ ಊರಿನ ಉಸ್ತುವಾರಿಯನ್ನೂ ಒಪ್ಪಿಸಿದರು. ಅದು ಕನಿಕರವಲ್ಲ, ನಂಬಿಕೆ. ನಾವೋ ನಮ್ಮ ಮೊಹಲ್ಲಾಗಳ ದೃಷ್ಟಿಹೀನ ಮಕ್ಕಳಿಗೆ ಸದಕಾ ಕೊಡುತ್ತೇವೆ, ಹೊಣೆ ಕೊಡುವುದಿಲ್ಲ. ವಾರ್ಷಿಕೋತ್ಸವದ ಆಟೋಟಗಳಲ್ಲಿ ಅಂಥ ಮಗು ಮೂಲೆಯ ಕುರ್ಚಿಯಲ್ಲೇ ಕುಳಿತಿರುತ್ತದೆ. ಒಂದು ಮೊಳೆ ಹಲಗೆ, ವಾರಕ್ಕೊಂದು ಗಂಟೆ, ಕಲಿಸಬಲ್ಲ ಒಬ್ಬ ಹಿರಿಯ ವಿದ್ಯಾರ್ಥಿ: ಆರಂಭಕ್ಕೆ ಇಷ್ಟು ಸಾಕು. ಇಂದು ಕಲಿತ ಮಗು ನಾಳೆ ಇನ್ನೊಂದು ಮಗುವಿಗೆ ಕಲಿಸಲಿ. ನಾಲ್ವರಾದರೆ ಒಂದು ತಂಡ. ನಮ್ಮ ಸಂಸ್ಥೆ ಈ ಹೆಜ್ಜೆ ಇಡಲಿ, ಅಲ್ಲಾಹನು ತೌಫೀಕ್ ನೀಡಲಿ. ಆಮೀನ್.