ಒಂದೇ ಗೋಡೆ, ಎರಡು ಪಾಸ್ಕ



ತಪಸ್ಸು ಕಾಲದ ಒಂದು ಭಾನುವಾರ ಧರ್ಮೋಪದೇಶದ ತರಗತಿಯಲ್ಲಿ ನಾವು ಪ್ರಭುವಿನ ಯಾತನೆಯ ಪಾಠ ಮಾಡುತ್ತಿದ್ದೆವು. ಯೆಹೂದ್ಯರು ಯೇಸುವನ್ನು ಶಿಲುಬೆಗೇರಿಸಿದರು ಎಂದು, ಚಿಕ್ಕಂದಿನಲ್ಲಿ ನಾವು ಕೇಳಿದ್ದ ಹಾಗೆಯೇ ಹೇಳಿ ಮುಂದಕ್ಕೆ ಹೋದೆವು. ಪ್ರಥಮ ಪರಮಪ್ರಸಾದಕ್ಕೆ ಸಿದ್ಧಳಾಗುತ್ತಿದ್ದ ಒಬ್ಬ ಹುಡುಗಿ ಕೈಯೆತ್ತಿದಳು. "ಟೀಚರ್, ಮರಿಯಮ್ಮನೂ ಯೆಹೂದ್ಯರೇ ಅಲ್ವಾ?" ಎಂದಳು. ಹೌದು ಎಂದೆವು. ಯೇಸುವೂ ಯೆಹೂದ್ಯರೇ, ಪೇತ್ರ, ಪೌಲರೂ ಯೆಹೂದ್ಯರೇ ಎಂದು ಸೇರಿಸಿದೆವು. ಮಗುವೇನೋ ಸುಮ್ಮನೆ ಕುಳಿತಿತು, ನಮ್ಮ ಮನಸ್ಸು ಸುಮ್ಮನಾಗಲಿಲ್ಲ. ಶಾಲೆಯಲ್ಲಿ ವರ್ಷಗಟ್ಟಲೆ ಇತಿಹಾಸ ಕಲಿಸಿದ ನಮಗೆ ಪ್ರಭು ಹುಟ್ಟಿ ಬೆಳೆದ ಆ ಜನಾಂಗದ ಬಗ್ಗೆ ತಿಳಿದದ್ದೆಷ್ಟು? ಕೊಚ್ಚಿಗೆ ಹೋದಾಗ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಯೆಹೂದ್ಯರ ಪ್ರಾರ್ಥನಾ ಮಂದಿರವನ್ನು ನೋಡಿ ಬಂದಿದ್ದೆವು. ಅದರಾಚೆಗೆ ಏನೂ ಇಲ್ಲ.

ಆದ್ದರಿಂದ ಯೆಹೂದ್ಯರ ಇತಿಹಾಸವನ್ನು ಕುರಿತು ಪೋಲೆಂಡಿನಲ್ಲಿ ಶಿಕ್ಷಕರಿಗಾಗಿ ನಡೆಯುವ ಒಂದು ಪುನಶ್ಚೇತನ ತರಬೇತಿಗೆ ಹೋಗುವ ಅವಕಾಶ ಒದಗಿದಾಗ ಹಿಂದೆ ಮುಂದೆ ನೋಡಲಿಲ್ಲ. ಬೇರೆ ಬೇರೆ ದೇಶಗಳ ಶಿಕ್ಷಕರೊಡನೆ ರಾಜಧಾನಿ ವಾರ್ಸಾದಲ್ಲಿ ಇಳಿದೆವು. ಅಲ್ಲಿ ಕಂಡು ಕಲಿತದ್ದನ್ನು ನಿಮ್ಮೊಡನೆ ಹಂಚಿಕೊಳ್ಳುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲು ನಮ್ಮನ್ನು ಕರೆದೊಯ್ದದ್ದು ಸಾವಿನ ಶಿಬಿರಕ್ಕಲ್ಲ, 2014ರಲ್ಲಿ ಪೂರ್ಣವಾಗಿ ತೆರೆದ 'ಪೋಲಿನ್' ವಸ್ತುಸಂಗ್ರಹಾಲಯಕ್ಕೆ. ಒಂದು ಜನಾಂಗ ಹೇಗೆ ಬಾಳಿತು ಎಂಬುದನ್ನು ಅರಿಯದೆ ಅದು ಹೇಗೆ ಸತ್ತಿತು ಎಂಬುದನ್ನು ಮಾತ್ರ ಕಲಿಸಬಾರದು ಎಂಬುದೇ ಅಲ್ಲಿನ ಮೊದಲ ಪಾಠ. ಪೋಲೆಂಡಿನಲ್ಲಿ ಯೆಹೂದ್ಯರು ಸುಮಾರು ಸಾವಿರ ವರ್ಷ ಬದುಕಿದ್ದರು. 1264ರಲ್ಲಿಯೇ ಬೊಲೆಸ್ವಾಫ್ ಎಂಬ ಅರಸು ಅವರ ಜೀವ, ವ್ಯಾಪಾರ, ಆರಾಧನೆಗಳಿಗೆ ರಕ್ಷಣೆ ನೀಡುವ ಶಾಸನ ಹೊರಡಿಸಿದ್ದ. ಎರಡನೇ ಮಹಾಯುದ್ಧಕ್ಕೆ ಮುಂಚೆ ಆ ದೇಶದಲ್ಲಿ ಸುಮಾರು 33 ಲಕ್ಷ ಯೆಹೂದ್ಯರಿದ್ದರು. ವಾರ್ಸಾ ನಗರದ ಜನರಲ್ಲಿ ಮೂರರಲ್ಲೊಂದು ಪಾಲು ಅವರೇ. ದರ್ಜಿಗಳು, ವೈದ್ಯರು, ಶಿಕ್ಷಕರು, ಕೂಲಿಕಾರರು ಎಲ್ಲರೂ ಅವರಲ್ಲಿದ್ದರು. ಯುದ್ಧ ಮುಗಿಯುವಷ್ಟರಲ್ಲಿ ಅವರಲ್ಲಿ ಸುಮಾರು 30 ಲಕ್ಷ ಮಂದಿ ಹತರಾಗಿದ್ದರು. ಯುರೋಪಿನಲ್ಲಿ ನಾಜಿಗಳಿಗೆ ಬಲಿಯಾದ 60 ಲಕ್ಷ ಯೆಹೂದ್ಯರಲ್ಲಿ ಅರ್ಧದಷ್ಟು ಜನ ಈ ಒಂದೇ ದೇಶದವರು.

1940ರ ನವೆಂಬರ್ 16ರಂದು ಜರ್ಮನ್ನರು ವಾರ್ಸಾದ ಒಂದು ಭಾಗವನ್ನು ಎತ್ತರದ ಗೋಡೆಯಿಂದ ಮುಚ್ಚಿಬಿಟ್ಟರು. ಇದೇ ಘೆಟ್ಟೋ. ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು ಅದರೊಳಗೆ ತುಂಬಲಾಯಿತು. ಹಸಿವು, ಜ್ವರಗಳಿಂದ ಜನ ಬೀದಿಯಲ್ಲೇ ಸಾಯತೊಡಗಿದರು. ಅಲ್ಲಿ ಎಮಾನುಯೆಲ್ ರಿಂಗೆಲ್‌ಬ್ಲುಮ್ ಎಂಬ ಇತಿಹಾಸದ ಉಪಾಧ್ಯಾಯರಿದ್ದರು. ತಮ್ಮ ಜನರ ಕಥೆಯನ್ನು ಕೊಲೆಗಾರರೇ ಬರೆಯುವಂತಾಗಬಾರದೆಂದು ಅವರು ಹಲವಾರು ಸಂಗಡಿಗರನ್ನು ಸೇರಿಸಿಕೊಂಡು ಗುಟ್ಟಾಗಿ ದಾಖಲೆ ಕೂಡಿಡತೊಡಗಿದರು. ದಿನಚರಿಗಳು, ಪಡಿತರ ಚೀಟಿಗಳು, ಟ್ರಾಮ್ ಟಿಕೆಟ್‌ಗಳು, ಮಿಠಾಯಿಯ ಹೊದಿಕೆಗಳು, ಶಾಲಾ ಮಕ್ಕಳು ಬರೆದ ಪ್ರಬಂಧಗಳು, ಯಾವುದನ್ನೂ ಅವರು ಬಿಡಲಿಲ್ಲ.

1942ರ ಜುಲೈ 22ರಂದು ಜನರನ್ನು ರೈಲುಗಳಲ್ಲಿ ತುಂಬಿ ಟ್ರೆಬ್ಲಿಂಕಾದ ಕೊಲೆಶಿಬಿರಕ್ಕೆ ಸಾಗಿಸಲು ಆರಂಭಿಸಿದರು. ಎರಡು ತಿಂಗಳಲ್ಲಿ ಹೋದವರು ಎರಡೂವರೆ ಲಕ್ಷಕ್ಕೂ ಹೆಚ್ಚು. ಆ ದಿನಗಳಲ್ಲೇ, ಆಗಸ್ಟ್ ಮೊದಲ ವಾರದಲ್ಲಿ, ಲಿಖ್ಟೆನ್‌ಸ್ಟೈನ್ ಎಂಬ ಶಿಕ್ಷಕರು ಹದಿಹರೆಯದ ಇಬ್ಬರು ಶಿಷ್ಯರೊಂದಿಗೆ ನೊವೊಲಿಪ್ಕಿ ಬೀದಿಯ ಶಾಲೆಯೊಂದರ ನೆಲದಡಿಯಲ್ಲಿ ಆ ಕಾಗದಗಳನ್ನು ಹತ್ತು ಲೋಹದ ಪೆಟ್ಟಿಗೆಗಳಲ್ಲಿಟ್ಟು ಹೂತರು. ಮುಂದಿನ ವರ್ಷ ಇನ್ನಷ್ಟು ಕಾಗದಗಳನ್ನು ಎರಡು ದೊಡ್ಡ ಹಾಲಿನ ಕ್ಯಾನ್‌ಗಳಲ್ಲಿ ಹೂತರು. ಆ ಗುರುವೂ ಉಳಿಯಲಿಲ್ಲ, ಶಿಷ್ಯರೂ ಉಳಿಯಲಿಲ್ಲ. ರಿಂಗೆಲ್‌ಬ್ಲುಮ್ ಅವರನ್ನು ಹೆಂಡತಿ ಮಗನೊಡನೆ ವೋಲ್‌ಸ್ಕಿ ಎಂಬ ಪೋಲಿಷ್ ತೋಟಗಾರ ತನ್ನ ಹಸಿರುಮನೆಯ ಕೆಳಗಿನ ನೆಲಮಾಳಿಗೆಯಲ್ಲಿ ಅಡಗಿಸಿಟ್ಟಿದ್ದ. 1944ರ ಮಾರ್ಚ್‌ನಲ್ಲಿ ಸುಳಿವು ಸಿಕ್ಕಿ, ಅಡಗಿದ್ದವರೊಡನೆ ಅಡಗಿಸಿಟ್ಟವನನ್ನೂ ಕೊಂದರು. ಪೆಟ್ಟಿಗೆಗಳು 1946ರಲ್ಲಿ, ಕ್ಯಾನ್‌ಗಳು 1950ರಲ್ಲಿ ಸಿಕ್ಕವು. ಅಂಥ ಒಂದು ತುಕ್ಕು ಹಿಡಿದ ಕ್ಯಾನನ್ನು ಅಲ್ಲಿನ ಯೆಹೂದ್ಯ ಇತಿಹಾಸ ಸಂಸ್ಥೆಯಲ್ಲಿ ಕಂಡೆವು. ನಮ್ಮೂರ ಡೇರಿಗೆ ಹಾಲು ಸಾಗಿಸುವ ಕ್ಯಾನಿನಂತೆಯೇ ಇತ್ತು.

ಅಲ್ಲಿಂದ ಸ್ವಲ್ಪ ದೂರ ನಡೆದರೆ ಸಕಲ ಸಂತರ ದೇವಾಲಯ ಸಿಗುತ್ತದೆ. ನಮ್ಮ ಪ್ರವಾಸದಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಈ ದೇವಾಲಯವೇ. 1940ರಲ್ಲಿ ಗೋಡೆ ಎದ್ದಾಗ ಇದು ಅದರ ಒಳಗೇ ಉಳಿಯಿತು. ಜ್ಞಾನಸ್ನಾನ ಪಡೆದಿದ್ದರೂ ರಕ್ತದಿಂದ ಯೆಹೂದ್ಯರೆಂದು ಒಳಕ್ಕೆ ತಳ್ಳಲ್ಪಟ್ಟ ಕ್ರೈಸ್ತರು ಇಲ್ಲಿ ಬಲಿಪೂಜೆಗೆ ಸೇರುತ್ತಿದ್ದರು. ಧರ್ಮಕೇಂದ್ರದ ಗುರುಗಳು ಸ್ವಾಮಿ ಮಾರ್ಚೆಲಿ ಗೊದ್ಲೆಫ್‌ಸ್ಕಿ. ಯುದ್ಧಕ್ಕೆ ಮುಂಚೆ ಅವರು ಯೆಹೂದ್ಯರ ವಿರೋಧಿ ಎಂದೇ ಹೆಸರಾಗಿದ್ದವರು. ಆದರೆ ನೆರೆಯವನ ಸಂಕಟ ಬಾಗಿಲಿಗೇ ಬಂದಾಗ ಅವರು ಬೇರೆಯೇ ಮನುಷ್ಯರಾದರು. ತಮ್ಮ ನಿವಾಸದಲ್ಲಿ ಆಶ್ರಯ ಕೊಟ್ಟರು. ಗೋಡೆ ದಾಟಿ ಪಾರಾಗುವವರಿಗೆ ಜ್ಞಾನಸ್ನಾನದ ಪ್ರಮಾಣಪತ್ರಗಳನ್ನು ಒದಗಿಸಿದರು. ನಗರದ ಹೊರಗೆ ಆನಿನ್ ಎಂಬಲ್ಲಿದ್ದ ತಮ್ಮ ಮನೆಯಲ್ಲಿ ಧರ್ಮಭಗಿನಿಯರ ಮೂಲಕ ಯೆಹೂದ್ಯ ಮಕ್ಕಳನ್ನು ಕಾಪಾಡಿದರು. ಯೆಹೂದ್ಯರನ್ನು ಉಳಿಸಿದ ಅನ್ಯಧರ್ಮೀಯರಿಗೆ ಇಸ್ರಯೇಲಿನ ಯಾದ್ ವಾಶೆಮ್ ಸಂಸ್ಥೆ ನೀಡುವ ಗೌರವ 2009ರಲ್ಲಿ ಅವರ ಹೆಸರಿಗೆ ಸಂದಿತು.

ಎಲ್ಲರೂ ಹಾಗೆ ಬದಲಾದರೇ? ಇಲ್ಲ. 1943ರ ಏಪ್ರಿಲ್ 19, ಪವಿತ್ರ ವಾರದ ಸೋಮವಾರ. ಆ ಸಂಜೆ ಯೆಹೂದ್ಯರ ಪಾಸ್ಕ ಹಬ್ಬದ ಆರಂಭ. ಅಂದೇ ಬೆಳಿಗ್ಗೆ, ಉಳಿದವರನ್ನೂ ಸಾಗಿಸಲು ಜರ್ಮನ್ ಸೇನೆ ಒಳನುಗ್ಗಿತು. ಕೆಲವೇ ಬಂದೂಕುಗಳಿದ್ದ ತರುಣ ತರುಣಿಯರು ಎದುರು ನಿಂತರು. ಸೈನಿಕರು ಒಂದೊಂದೇ ಮನೆಗೆ ಬೆಂಕಿ ಇಟ್ಟರು. ಏಪ್ರಿಲ್ 25ರ ಭಾನುವಾರ ಗೋಡೆಯ ಈಚೆಗೆ ನಮ್ಮ ಪಾಸ್ಕ. ಹೊಸ ಬಟ್ಟೆ ಉಟ್ಟು ದೇವಾಲಯಕ್ಕೆ ಹೋದವರಿಗೆ ಆಚೆಯ ಹೊಗೆ ಕಾಣುತ್ತಿತ್ತು. ಗೋಡೆಯ ಪಕ್ಕದ ಚೌಕದಲ್ಲಿ ಮಕ್ಕಳ ತಿರುಗುಕುದುರೆ ತಿರುಗುತ್ತಿತ್ತು. ಕಣ್ಣೀರಿಟ್ಟವರಿದ್ದರು, ಜೀವ ಪಣಕ್ಕಿಟ್ಟು ಸಹಾಯ ಮಾಡಿದವರಿದ್ದರು, ಮುಖ ತಿರುಗಿಸಿದವರೂ ಇದ್ದರು. ನಮ್ಮ ಭಾಷೆಯಲ್ಲಿ ಆ ಎರಡು ಹಬ್ಬಗಳಿಗೂ ಪಾಸ್ಕ ಎಂಬ ಒಂದೇ ಹೆಸರಿದೆಯಲ್ಲವೇ? ಪ್ರಭು ತಮ್ಮ ಶಿಷ್ಯರೊಡನೆ ಕಡೆಯ ಭೋಜನಕ್ಕೆ ಕುಳಿತದ್ದು ಗೋಡೆಯ ಆಚೆಗಿನವರ ಪಾಸ್ಕಕ್ಕೇ.

ಮುಖ ತಿರುಗಿಸಿದ್ದಕ್ಕಿಂತ ಘೋರವಾದದ್ದೂ ನಡೆದಿತ್ತು. 1941ರ ಜುಲೈ 10ರಂದು ಯೆದ್ವಾಬ್ನೆ ಎಂಬ ಊರಿನಲ್ಲಿ ಕ್ರೈಸ್ತ ನೆರೆಹೊರೆಯವರೇ ನೂರಾರು ಯೆಹೂದ್ಯರನ್ನು ಕೊಂದರು, ಬಹುಮಂದಿಯನ್ನು ಕಣಜದಲ್ಲಿ ಕೂಡಿ ಸುಟ್ಟರು. ಅರವತ್ತು ವರ್ಷಗಳ ನಂತರ, 2001ರ ಮೇ 27ರಂದು, ಪೋಲೆಂಡಿನ ಧರ್ಮಾಧ್ಯಕ್ಷರು ಇದೇ ಸಕಲ ಸಂತರ ದೇವಾಲಯದಲ್ಲಿ ಸೇರಿ ಆ ಪಾಪಕ್ಕಾಗಿ ದೇವರಲ್ಲಿ ಕ್ಷಮೆ ಬೇಡಿದರು. ಅದೇ ನಾಡಿನ ಮಾರ್ಕೊವಾ ಗ್ರಾಮದಲ್ಲಿ ಎಂಟು ಮಂದಿ ಯೆಹೂದ್ಯರಿಗೆ ಆಶ್ರಯ ಕೊಟ್ಟ ತಪ್ಪಿಗೆ ಉಲ್ಮಾ ದಂಪತಿಗಳನ್ನು ಮಕ್ಕಳೊಡನೆ 1944ರ ಮಾರ್ಚ್ 24ರಂದು ಗುಂಡಿಕ್ಕಿ ಕೊಂದರು. ಆ ಇಡೀ ಕುಟುಂಬವನ್ನು 2023ರಲ್ಲಿ ಧರ್ಮಸಭೆ ಪುನೀತರೆಂದು ಸಾರಿತು. ಒಂದೇ ವಿಶ್ವಾಸ, ಒಂದೇ ಜಪಸರ. ಆದರೂ ಈ ಎರಡು ಊರುಗಳ ನಡುವೆ ಎಷ್ಟು ಅಂತರ!

ಆ ಸಂಹಾರವನ್ನು ಯೋಜಿಸಿದ್ದು ನಾಜಿಗಳ ಜನಾಂಗ ದ್ವೇಷ, ಧರ್ಮೋಪದೇಶದ ಪುಸ್ತಕವಲ್ಲ. ಆದರೆ ಶತಮಾನಗಳ ಕಾಲ ಕ್ರೈಸ್ತ ಪೀಠಗಳಿಂದ, ತರಗತಿಗಳಿಂದ ಕೇಳಿಬಂದ ತಾತ್ಸಾರದ ಮಾತು ಎಷ್ಟೋ ಹೃದಯಗಳನ್ನು ಕಲ್ಲಾಗಿಸಿತ್ತು. ಧರ್ಮಸಭೆ ಇದನ್ನು ಕಂಡುಕೊಂಡಿತು. ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರನ್ನು ಹೀಯಾಳಿಸುವಂತಿದ್ದ ಪದವನ್ನು 1959ರಲ್ಲಿ ಜಗದ್ಗುರು ಇಪ್ಪತ್ತಮೂರನೇ ಜಾನ್ ತೆಗೆಸಿದರು. 1965ರ ಅಕ್ಟೋಬರ್ 28ರಂದು ಎರಡನೇ ವ್ಯಾಟಿಕನ್ ಮಹಾಸಭೆ, ಪ್ರಭುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನ ಯೆಹೂದ್ಯರ ಮೇಲಾಗಲಿ ಹೊರಿಸುವಂತಿಲ್ಲವೆಂದು ಸ್ಪಷ್ಟಪಡಿಸಿತು. ಪೋಲೆಂಡಿನಲ್ಲೇ ಹುಟ್ಟಿ, ಯೆಹೂದ್ಯ ಗೆಳೆಯರೊಡನೆ ಆಡಿ ಬೆಳೆದ ಸಂತ ಎರಡನೇ ಜಾನ್ ಪೌಲ್ 1986ರಲ್ಲಿ ರೋಮಿನ ಯೆಹೂದ್ಯ ಮಂದಿರಕ್ಕೆ ಹೋಗಿ ಅವರನ್ನು ನಮ್ಮ ಹಿರಿಯ ಸಹೋದರರೆಂದು ಕರೆದರು. 2000ದ ಮಾರ್ಚ್ 26ರಂದು ಜೆರುಸಲೇಮಿನ ಪಶ್ಚಿಮ ಗೋಡೆಯ ಕಲ್ಲುಗಳ ಸಂದಿನಲ್ಲಿ ಕ್ಷಮಾಯಾಚನೆಯ ಪ್ರಾರ್ಥನೆ ಬರೆದ ಚೀಟಿಯನ್ನು ಇಟ್ಟರು.

ಇಷ್ಟೆಲ್ಲ ಆದ ಮೇಲೂ ನಾವು ನಮ್ಮ ತರಗತಿಯಲ್ಲಿ ಹಳೆಯ ಮಾತನ್ನೇ ಆಡುತ್ತಿದ್ದೆವು. ಯಾರ ಮೇಲಿನ ದ್ವೇಷದಿಂದಲೂ ಅಲ್ಲ, ಅಭ್ಯಾಸಬಲದಿಂದ. ಅಭ್ಯಾಸಬಲದಿಂದ ಆಡಿದ ಮಾತೂ ಮಗುವಿನ ಮನಸ್ಸಿನಲ್ಲಿ ಬೇರು ಬಿಡುತ್ತದೆ ಎಂಬುದನ್ನು ತಿಳಿಯಲು ನಾವು ವಾರ್ಸಾದವರೆಗೆ ಹೋಗಬೇಕಾಯಿತು.

ಹಿಂದಿರುಗಿದ ಮೇಲೆ ಮಾಡಿದ್ದು ಸಣ್ಣ ಕೆಲಸ. ಆ ಪಾಠವನ್ನು ಮತ್ತೆ ಮಾಡಿದೆವು. ಪಿಲಾತನ ಆಜ್ಞೆಯಿಂದ ರೋಮನ್ ಸೈನಿಕರು ಪ್ರಭುವನ್ನು ಶಿಲುಬೆಗೇರಿಸಿದರು, ಮಹಾಯಾಜಕರೂ ಒಂದು ಗುಂಪೂ ಅದಕ್ಕೆ ಒತ್ತಾಯಿಸಿದರು, ದಾರಿಯಲ್ಲಿ ಅತ್ತ ಜೆರುಸಲೇಮಿನ ಸ್ತ್ರೀಯರೂ ಶಿಲುಬೆಯ ಬುಡದಲ್ಲಿ ನಿಂತ ತಾಯಿಯೂ ಯೆಹೂದ್ಯರೇ, ಮತ್ತು ಪ್ರಭು ಸತ್ತದ್ದು ನಮ್ಮೆಲ್ಲರ ಪಾಪಗಳಿಗಾಗಿ ಎಂದು ಹೇಳಿಕೊಟ್ಟೆವು. ಶಿಲುಬೆಯ ಹಾದಿಯ ಅಭಿನಯದಲ್ಲಿ ಯೆಹೂದ್ಯರ ಪಾತ್ರಗಳಿಗೆ ವಿಕಾರವಾಗಿ ಬಣ್ಣ ಬಳಿಯುವುದನ್ನು ನಿಲ್ಲಿಸಿದೆವು. ಕೇಳಿದವಳು ಈ ಸಲ ಮರಿಯಮ್ಮನ ಪಾತ್ರ ಮಾಡಿದಳು.

ತಂದೆ ತಾಯಿಗಳೇ, ಮನೆಯ ಜಪದ ಹೊತ್ತಿನಲ್ಲಿ ನಿಮ್ಮ ಮಕ್ಕಳಿಗೂ ಇದನ್ನು ಹೇಳಿರಿ. ಕಾಡು ಓಲಿವ್ ಕೊಂಬೆಗಳಾದ ನಮ್ಮನ್ನು ಆ ಹಳೆಯ ಮರಕ್ಕೆ ಕಸಿಮಾಡಲಾಗಿದೆ, ಬೇರನ್ನು ಹೊತ್ತಿರುವವರು ನಾವಲ್ಲ ಎಂದು ಸಂತ ಪೌಲರು ರೋಮಿನ ಸಭೆಗೆ ಬರೆದದ್ದನ್ನು ನೆನಪಿಸಿರಿ. ಯೆಹೂದ್ಯರ ವಿಷಯದಲ್ಲಿ ಮಾತ್ರವಲ್ಲ, ನಮ್ಮ ಕೇರಿಯಲ್ಲೇ ಬೇರೆ ದೇವರನ್ನು ಬೇರೆ ಹೆಸರಿನಿಂದ ಕರೆಯುವ ನೆರೆಯವರ ವಿಷಯದಲ್ಲೂ, ಮಕ್ಕಳ ಎದುರು ನಾವಾಡುವ ಮಾತು ಹಗುರವಾಗದಿರಲಿ. ಮುಂದಿನ ಪಾಸ್ಕ ಜಾಗರಣೆಯಲ್ಲಿ ಇಸ್ರಯೇಲರು ಕೆಂಪು ಸಮುದ್ರ ದಾಟಿದ ವಾಚನವನ್ನು ಕೇಳುವಾಗ, 1943ರ ಆ ವಾರದಲ್ಲಿ ದಾಟಲಾರದೆ ಹೋದವರನ್ನೂ ನಮ್ಮ ಪ್ರಾರ್ಥನೆಯಲ್ಲಿ ಸ್ಮರಿಸೋಣ.